ಪುಷ್ಯ ಮಳೆಯಲ್ಲಿ ಮುಂಡಿಗೆಕೆರೆ

ಉತ್ತರ ಕನ್ನಡದ ಸೋಂದೆಯಲ್ಲಿ ನೀರುಹಕ್ಕಿಗಳು ಗೂಡು ಕಟ್ಟುವ ಮುಂಡಿಗೆಕೆರೆಗೆ ನಾನು ಮೊದಲ ಸಲ ಹೋದದ್ದು ಫೆಬ್ರವರಿಯಲ್ಲಿ. ಪೊದೆ, ನಿಂತ ನೀರು, ಹಕ್ಕಿಯ ಸುಳಿವಿಲ್ಲ. ಪಕ್ಕದ ತೋಟದಲ್ಲಿದ್ದ ಹಿರಿಯರೊಬ್ಬರು, "ಮಳೆ ಹಿಡಿದ ಮೇಲೆ ಬನ್ನಿ, ಕೆರೆಯೇ ಬೆಳ್ಳಗಾಗಿರುತ್ತದೆ" ಎಂದರು.

ಆ ಮಾತು ನಂಬಿ ಜುಲೈ ಕೊನೆಯ ಪುಷ್ಯ ಮಳೆಯಲ್ಲಿ ಮತ್ತೆ ಹೊರಟೆ. ಶಿರಸಿಯಿಂದ ಸುಮಾರು 20 ಕಿಲೋಮೀಟರ್. ಉಂಬಳ (ಜಿಗಣೆ) ಹತ್ತದಂತೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡೆ. ಕೊಡೆ, ದುರ್ಬೀನು, ಮಂಕಾದ ಬಣ್ಣದ ಅಂಗಿ, ಇಷ್ಟು ಸಾಕು. ಬೆಳಕು ಹರಿಯುವ ಮೊದಲೇ ಕೆರೆಯ ಬಳಿ ಇರಬೇಕು. ಆಗ ಇರುಳು ಬಕಗಳು ಗದ್ದೆಯಿಂದ ಮರಳುತ್ತವೆ, ಬೆಳ್ಳಕ್ಕಿಗಳು ಹೊರಡುತ್ತವೆ. ಒಂದೇ ಕೆರೆಯಲ್ಲಿ ಎರಡು ಪಾಳಿಯ ಸಂಸಾರ!

ಕೆರೆಗೆ ಹೆಸರು ಕೊಟ್ಟ ಮುಂಡಿಗೆ ಕೇದಿಗೆಯ ಬಳಗದ ಗಿಡ. ಎಲೆಯಂಚಿನ ತುಂಬ ಮುಳ್ಳು, ಬುಡ ನೀರಿನಲ್ಲಿ. ಹಾವು, ಬೆಕ್ಕು ಸುಲಭವಾಗಿ ಹತ್ತಲಾರವು. ಹಕ್ಕಿಗಳು ಮನೆಗೆ ಜಾಗ ಆರಿಸಿದ ಬಗೆ ನೋಡಿ ನನಗೆ ಗೌರವ ಹುಟ್ಟಿತು. ಮಳೆಗಾಲವನ್ನು ಆರಿಸಿದ್ದೂ ಹಾಗೆಯೇ: ನೀರು ನಿಂತ ಗದ್ದೆಗಳಲ್ಲಿ ಕಪ್ಪೆ, ಮೀನು, ಹುಳುಗಳಿಗೆ ಬರವಿಲ್ಲ.

ನಾನು ಒಂದೇ ಗೂಡನ್ನು ಹಿಡಿದು ಎರಡು ತಾಸು ಕುಳಿತೆ. ನಾಲ್ಕು ಕಡ್ಡಿ ಅಡ್ಡ ಇಟ್ಟಂಥ ಗೂಡು, ಮೂರು ಮರಿ, ತಲೆಯ ಮೇಲೆ ನೆಟ್ಟಗೆ ನಿಂತ ತುಪ್ಪಳ. ತಾಯಿ ಬಂದು ಕೂರುತ್ತಲೇ ದೊಡ್ಡ ಮರಿ ಅದರ ಕೊಕ್ಕನ್ನು ಅಡ್ಡಲಾಗಿ ಕಚ್ಚಿ ಕೆಳಗೆ ಜಗ್ಗಿತು. ತಾಯಿಯ ಕತ್ತು ಎರಡು ಬಾರಿ ಏರಿಳಿಯಿತು. ಅರ್ಧ ಕರಗಿದ ಕಪ್ಪೆ ಹೊರಬಂತು. ಕಡೆಯ ಮರಿಗೆ ಆ ಸರದಿಯಲ್ಲಿ ಏನೂ ಸಿಗಲಿಲ್ಲ. ಅದಕ್ಕೂ ಒಂದು ತುತ್ತು ಸಿಗುವವರೆಗೆ ನನಗೆ ಏಳಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಬಂದ ಗುಂಪೊಂದು ಹಕ್ಕಿ ಹಾರುವ ಚಿತ್ರಕ್ಕಾಗಿ ಜೋರಾಗಿ ಚಪ್ಪಾಳೆ ತಟ್ಟಿತು. ಕೆರೆಗೆ ಕೆರೆಯೇ ಮೇಲೆದ್ದಿತು. ನನ್ನ ಗೂಡಿನ ಮರಿಗಳು ಜಡಿಮಳೆಗೆ ಮೈಯೊಡ್ಡಿ ಮುದುಡಿದವು. ಹೋಗಿ ಅವರಿಗೆ ದುರ್ಬೀನು ಕೊಟ್ಟು ಮರಿಗಳನ್ನು ತೋರಿಸಿದೆ. ಒಬ್ಬಳು ಹುಡುಗಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ, ಆಮೇಲೆ ಯಾರೂ ಸದ್ದು ಮಾಡಲಿಲ್ಲ.

ಮಧ್ಯಾಹ್ನ ವಾದಿರಾಜರ ಮಠಕ್ಕೆ ಹೋಗಿ, ಧವಳಗಂಗೆ ಪುಷ್ಕರಿಣಿಯ ಮೆಟ್ಟಿಲಲ್ಲಿ ಕಾಲು ತೊಳೆದು, ಬೃಂದಾವನಕ್ಕೆ ಕೈಮುಗಿದೆ. ಸಂಜೆ ಮತ್ತೆ ಕೆರೆಗೆ ಬಂದಾಗ ಬೆಳ್ಳಕ್ಕಿಗಳು ಸಾಲುಸಾಲಾಗಿ ಇಳಿಯುತ್ತಿದ್ದವು. ಕತ್ತಲು ಕವಿಯುತ್ತಲೇ ಮುಂಡಿಗೆಯೊಳಗಿನಿಂದ "ಕ್ವಾಕ್" ಎಂದು ಮೊದಲ ಇರುಳು ಬಕ ಗದ್ದೆಯ ಕಡೆ ಹಾರಿತು.