ಕಾರು ಒರೆಸುವ ಮುನ್ನ

ರಾತ್ರಿ ಪೆಟ್ರೋಲ್ ಬಂಕಿಗೆ ಹೋದಾಗ ಒಂದು ಸಲ ಕೆಳಗಿಳಿದು, ಬಾನೆಟ್ ಮೇಲೆ ಬಿದ್ದಿರುವ ಲೈಟಿನ ಬಿಂಬ ನೋಡಿ. ಬೆಳಕಿನ ಸುತ್ತ ಜೇಡರ ಬಲೆ ಹೆಣೆದ ಹಾಗೆ ಸಣ್ಣ ಸಣ್ಣ ಗೀರುಗಳು ಕಾಣುತ್ತವೆ. ನನ್ನ ಕಪ್ಪು ಕಾರಿನಲ್ಲಿ ಅದು ಕಂಡಿದ್ದು ಕೊಂಡ ಎರಡನೇ ವರ್ಷ. ಬೀದಿಯ ಮಕ್ಕಳು ಗೀಚಿರಬೇಕು ಅಂತ ಬೈದುಕೊಂಡೆ. ಆಮೇಲೆ ಗೊತ್ತಾಯಿತು, ಗೀಚಿದ್ದು ನಾನೇ. ದಿನಾ ಬೆಳಿಗ್ಗೆ ಹಳೇ ಬನಿಯನ್ ಹಿಡಿದು, ಒಂದು ಹನಿ ನೀರೂ ಹಾಕದೆ, ಧೂಳು ಒರೆಸುತ್ತಿದ್ದೆ. ಧೂಳು ಅಂದರೆ ಸಣ್ಣ ಮರಳು ತಾನೇ? ಬಟ್ಟೆ ಮತ್ತು ಬಣ್ಣದ ನಡುವೆ ಮರಳು ಸಿಕ್ಕಿಸಿ ಉಜ್ಜಿದರೆ ಅದು ಮರಳು ಕಾಗದವೇ.

ಕಾರಿನ ಬಣ್ಣ ಒಂದೇ ಪದರ ಅಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನಂಥ ಕ್ಲಿಯರ್ ಕೋಟ್. ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40 ಮೈಕ್ರಾನ್ ಆಸುಪಾಸು. ತಲೆಕೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಅಂದರೆ ನಾವು ಹೊಳಪು ಅಂತ ಕರೆಯುವುದೆಲ್ಲ ಕೂದಲಿಗಿಂತ ತೆಳುವಾದ ಒಂದು ಪೊರೆಯಲ್ಲಿದೆ. ಪಾಲಿಶ್ ಮಾಡುವುದು ಅಂದರೆ ಆ ಪೊರೆಯನ್ನೇ ಚೂರು ಸವೆಸಿ ಗೀರಿನ ಅಂಚು ಸಮ ಮಾಡುವುದು. ಸವೆದದ್ದು ಮತ್ತೆ ಬರುವುದಿಲ್ಲ. ಹಾಗಾಗಿ ನನ್ನ ಲೆಕ್ಕ ಇಷ್ಟು: ತೊಳೆಯುವುದು ಸರಿಯಾಗಿರಲಿ, ಪಾಲಿಶ್ ಕಡಿಮೆ ಇರಲಿ.

ಮೊದಲು ಎರಡು ಬಕೆಟ್

ನೆರಳಿನಲ್ಲಿ ನಿಲ್ಲಿಸಿ. ಬಾನೆಟ್ ಮೇಲೆ ಅಂಗೈ ಇಟ್ಟರೆ ಬಿಸಿ ಅನ್ನಿಸಬಾರದು. ಬಿಸಿ ತಗಡಿನ ಮೇಲೆ ಶಾಂಪೂ ನೀರು ಒಣಗಿ ಕಲೆ ಕಟ್ಟುತ್ತದೆ.

ಒಂದು ಬಕೆಟ್‌ನಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಅದು ಜಿಡ್ಡು ತೆಗೆಯಲೆಂದೇ ಇರುವುದು, ಬಣ್ಣ ಕಾಯಲು ನೀವು ಹಚ್ಚಿದ ವ್ಯಾಕ್ಸನ್ನೂ, ಅಂದರೆ ಮೇಣವನ್ನೂ, ಜಿಡ್ಡು ಅಂತಲೇ ತೆಗೆದುಬಿಡುತ್ತದೆ. ಚಕ್ರಗಳನ್ನು ಮೊದಲೇ, ಬೇರೆ ಬಟ್ಟೆಯಲ್ಲಿ ತೊಳೆದು ಮುಗಿಸಿ. ಬ್ರೇಕಿನ ಪುಡಿ ಕಬ್ಬಿಣದ ಪುಡಿ, ಆ ಬಟ್ಟೆ ಬಾಗಿಲಿನ ಹತ್ತಿರವೂ ಸುಳಿಯಬಾರದು.

ಆಮೇಲೆ ಮಗ್ಗಿನಲ್ಲೋ ಗಿಡಕ್ಕೆ ನೀರು ಹಾಕುವ ಕ್ಯಾನಿನಲ್ಲೋ ಮೇಲಿನಿಂದ ನೀರು ಸುರಿದು ಸಡಿಲ ಧೂಳು ಇಳಿಸಿ. ಈ ಹಂತದಲ್ಲಿ ಕೈ ಹಾಕಲೇಬೇಡಿ, ನೀರೇ ಕೆಲಸ ಮಾಡಲಿ. ನಂತರ ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ, ಟಾಪ್‌ನಿಂದ ಶುರು ಮಾಡಿ ಕೆಳಗೆ ಬನ್ನಿ. ಕೆಳಭಾಗದಲ್ಲಿ ಕೆಸರು ಜಾಸ್ತಿ, ಅದು ಕೊನೆಗೆ. ಒಂದು ಬಾಗಿಲು ಮುಗಿದ ಕೂಡಲೇ ಬಟ್ಟೆಯನ್ನು ಬರೀ ನೀರಿನ ಬಕೆಟ್‌ನಲ್ಲಿ ಜಾಲಿಸಿ, ಹಿಂಡಿ, ಮತ್ತೆ ಶಾಂಪೂ ಬಕೆಟ್‌ಗೆ ಅದ್ದಿ. ಮುಗಿದ ಮೇಲೆ ಜಾಲಿಸಿದ ಬಕೆಟ್‌ನ ತಳ ನೋಡಿ. ಅಲ್ಲಿ ಕೂತಿರುವ ಮರಳೆಲ್ಲ ಇಷ್ಟು ದಿನ ನಿಮ್ಮ ಕಾರಿನ ಮೇಲೆ ತಿರುಗಾಡುತ್ತಿತ್ತು.

ನೀರು ಯಾವುದು ಅನ್ನುವುದೂ ಮುಖ್ಯ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದು, ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಉಳಿದದ್ದು ಬೋರ್‌ವೆಲ್ ನೀರು. ಅದು ಬಹಳ ಕಡೆ ಗಡಸು. ನಲ್ಲಿ ಬಾಯಿಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಸುಣ್ಣ ಕಾರಿನ ಮೇಲೂ ಚುಕ್ಕಿ ಚುಕ್ಕಿಯಾಗಿ ಕೂರುತ್ತದೆ. ಹಾಗಾಗಿ ತೊಳೆದ ತಕ್ಷಣ ಒಣ ಮೈಕ್ರೋಫೈಬರ್ ಟವೆಲ್ ಹಾಸಿ, ಮೆಲ್ಲಗೆ ಎಳೆದು ನೀರು ಹೀರಿಸಿ. ಗಾಳಿಗೆ ಒಣಗಲು ಬಿಡಬೇಡಿ. ಆಗಲೇ ಚುಕ್ಕಿ ಬಿದ್ದಿದ್ದರೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಇಟ್ಟು ಒರೆಸಿ, ನೀರು ಹಾಕಿ ತೊಳೆದುಬಿಡಿ. ಮನೆಯಲ್ಲಿ ಮಳೆನೀರು ಕೊಯ್ಲು ಇದ್ದರೆ ನೀವು ಪುಣ್ಯವಂತರು. ಮಳೆನೀರಿನಲ್ಲಿ ಸುಣ್ಣ ಇಲ್ಲ, ಅದಕ್ಕಿಂತ ಒಳ್ಳೆಯ ನೀರು ಕಾರಿಗೆ ಬೇರೆ ಇಲ್ಲ.

ಹಿಕ್ಕೆ, ಅಂಟು, ಆಯುಧಪೂಜೆ

ಧೂಳು ವಾರಗಟ್ಟಲೆ ಕೂತರೂ ತೊಂದರೆ ಇಲ್ಲ. ಹಕ್ಕಿಯ ಹಿಕ್ಕೆ ಮಾತ್ರ ಕಾಯುವುದಿಲ್ಲ. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗುತ್ತದೆ, ಸಂಜೆ ತಣ್ಣಗಾಗುವಾಗ ಹಿಕ್ಕೆಯ ಸುತ್ತ ಬಿಗಿದುಕೊಂಡು ಅಚ್ಚು ಬಿದ್ದುಬಿಡುತ್ತದೆ. ಊರಿಗೆ ಹೋಗಿದ್ದಾಗ ಹೊಂಗೆ ಮರದ ಕೆಳಗೆ ಒಂದು ವಾರ ನಿಲ್ಲಿಸಿದ್ದೆ. ಕಾಗೆ ಬಿಟ್ಟುಹೋದ ಗುರುತು ನಾಲ್ಕು ವರ್ಷವಾದರೂ ಬಲಗಡೆಯ ಬಾಗಿಲ ಮೇಲೆ ಹಾಗೇ ಇದೆ. ಒಣಗಿದ ಹಿಕ್ಕೆಯನ್ನು ಉಗುರಲ್ಲಿ ಕೆರೆಯಬೇಡಿ. ಒದ್ದೆ ಟಿಶ್ಯೂ ಐದು ನಿಮಿಷ ಅದರ ಮೇಲೆ ಹಾಸಿಡಿ, ನೆನೆದ ಮೇಲೆ ಎತ್ತಿಕೊಳ್ಳಿ.

ಮಾವು ಹೂ ಬಿಟ್ಟ ಕಾಲದಲ್ಲಿ ಮರದ ಕೆಳಗೆ ನಿಂತ ಕಾರಿಗೆ ಯಾರೋ ಸಕ್ಕರೆ ಪಾಕ ಚಿಮುಕಿಸಿದ ಹಾಗಿರುತ್ತದೆ. ಅದು ಮರದ ಅಂಟಲ್ಲ, ಜಿಗಿಹುಳು ಬಿಡುವ ಸಿಹಿ ದ್ರವ. ಧೂಳೆಲ್ಲ ಅದಕ್ಕೆ ಹತ್ತಿಕೊಳ್ಳುತ್ತದೆ. ಬೆಚ್ಚಗಿನ ಶಾಂಪೂ ನೀರಿಗೆ ಕರಗುತ್ತದೆ. ಡಾಂಬರಿನ ಚುಕ್ಕಿಗೆ ಸೀಮೆಎಣ್ಣೆ, ಡೀಸೆಲ್ ಅಂತ ಓಡಬೇಡಿ. ಒಂದು ಹನಿ ತೆಂಗಿನೆಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗುತ್ತದೆ. ಒರೆಸಿ, ಆ ಜಾಗವನ್ನು ಮತ್ತೆ ಶಾಂಪೂ ಹಾಕಿ ತೊಳೆಯಿರಿ.

ಇನ್ನು ಆಯುಧಪೂಜೆ. ಪೂಜೆ ಬೇಡ ಅನ್ನುವಷ್ಟು ಧೈರ್ಯ ನನಗಿಲ್ಲ, ಮನೆಯಲ್ಲಿ ಅಮ್ಮ ಇದ್ದಾರೆ. ಆದರೆ ಎರಡೂ ಕಡೆ ಬಾಳೆಕಂದು ಕಟ್ಟಿಕೊಂಡು ಎರಡು ದಿನ ಓಡಾಡಿದರೆ ಕಟ್ಟಿದ ಜಾಗ ಅದುರಿ ಅದುರಿ ಉಜ್ಜಿಹೋಗುತ್ತದೆ. ಬಾಳೆಯ ಸೊನೆ ಅಂಗಿಗೆ ತಾಗಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಹಾರದ ತುದಿಯ ತಂತಿಯನ್ನೂ ನೋಡಿಕೊಳ್ಳಿ. ಕುಂಕುಮ, ಗಂಧ, ವಿಭೂತಿಯನ್ನು ನಂಬರ್ ಪ್ಲೇಟಿಗೋ ಗಾಜಿಗೋ ಇಟ್ಟರೆ ಒಳ್ಳೆಯದು. ಬಾನೆಟ್ಟಿಗೇ ಇಡಬೇಕು ಅಂದರೆ ಮಾರನೇ ದಿನ ಒಣಬಟ್ಟೆಯಲ್ಲಿ ಉಜ್ಜದೆ ನೀರು ಸುರಿದು ಇಳಿಸಿ. ಬಿಳಿ ಕಾರಿನವರು ಅದೇ ಸಂಜೆ.

ಪಾಲಿಶ್ ಯಾವಾಗ, ಹೇಗೆ

ತೊಳೆದು ಒಣಗಿದ ಬಾನೆಟ್ ಮೇಲೆ, ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಸವರಿ. ನುಣ್ಣಗಿದ್ದರೆ ಸರಿ. ರವೆ ಮೇಲೆ ಕೈಯಾಡಿಸಿದ ಹಾಗಿದ್ದರೆ ನೀರಿಗೆ ಹೋಗದ ಕೊಳೆ ಕಚ್ಚಿಕೊಂಡಿದೆ ಅಂತ ಅರ್ಥ. ಅದಕ್ಕೆ ಕ್ಲೇ ಬಾರ್ ಅಂತ ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆ ಸಿಗುತ್ತದೆ. ಚಪಾತಿ ಹಿಟ್ಟಿನ ಹಾಗೆ ನಾದಿ, ತಟ್ಟಿ, ಬಣ್ಣದ ಮೇಲೆ ಶಾಂಪೂ ನೀರು ಚಿಮುಕಿಸಿ ಜಾರಿಸಬೇಕು. ಒತ್ತಬಾರದು. ಮುದ್ದೆ ಕೊಳೆಯಾದರೆ ಮಡಚಿ ಹೊಸ ಮುಖ ಮಾಡಿಕೊಳ್ಳಿ. ನೆಲಕ್ಕೆ ಬಿತ್ತೋ, ಆಸೆ ಬಿಟ್ಟು ಎಸೆದುಬಿಡಿ.

ಈಗ ಗೀರು. ಉಗುರನ್ನು ಗೀರಿಗೆ ಅಡ್ಡ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶಿಗೆ ಹೋಗುವ ಗೀರಲ್ಲ, ಪೇಂಟ್ ಶೆಡ್ಡಿನ ಕೆಲಸ. ಜಾರಿಹೋದರೆ ನೀವೇ ಮಾಡಬಹುದು.

ಅಂಗಡಿಯಲ್ಲಿ ಡಬ್ಬಿ ನೋಡಿ ಗೊಂದಲ ಆಗುವುದು ಸಹಜ. ರಬ್ಬಿಂಗ್ ಕಾಂಪೌಂಡ್ ಜಾಸ್ತಿ ಸವೆಸುತ್ತದೆ, ಪಾಲಿಶ್ ಕಡಿಮೆ ಸವೆಸುತ್ತದೆ, ವ್ಯಾಕ್ಸ್ ಸವೆಸುವುದಿಲ್ಲ, ಬರೀ ಮುಚ್ಚುತ್ತದೆ. ಕೆಲವು ಡಬ್ಬಿಗಳ ಮೇಲೆ ಪಾಲಿಶ್ ಅಂತ ಬರೆದಿದ್ದರೂ ಒಳಗಿರುವುದು ವ್ಯಾಕ್ಸ್. ಹಿಂದುಗಡೆ ಸಣ್ಣಕ್ಷರದಲ್ಲಿ ಬರೆದದ್ದು ಓದಿ ಕೊಳ್ಳಿ. ಮನೆಗೆ ನುಣುಪಾದ ಪಾಲಿಶ್ ಸಾಕು, ಕಾಂಪೌಂಡ್ ಮುಟ್ಟಬೇಡಿ. ಮ್ಯಾಟ್ ಬಣ್ಣದ ಕಾರಾದರೆ ಪಾಲಿಶ್, ವ್ಯಾಕ್ಸ್ ಎರಡೂ ಬೇಡ. ಹೊಳೆಯದಿರುವುದೇ ಅದರ ಅಂದ, ಒಂದು ಜಾಗ ಹೊಳೆದರೆ ಮತ್ತೆ ಮೊದಲಿನಂತಾಗುವುದಿಲ್ಲ.

ಕಪ್ಪು ಪ್ಲಾಸ್ಟಿಕ್ ಪಟ್ಟಿ, ರಬ್ಬರ್, ಬಾಗಿಲಿನ ಚೂಪು ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಪಾಲಿಶ್ ತಾಗಿದ ಪ್ಲಾಸ್ಟಿಕ್ ಬೆಳ್ಳಗಾಗಿ ಸುಮ್ನೆ ತಲೆನೋವು. ಅಂಚಿನಲ್ಲಿ ಬಣ್ಣ ತೆಳು, ಬೇಗ ಸವೆಯುತ್ತದೆ. ಫೋಮ್ ಪ್ಯಾಡ್ ಮೇಲೆ ಕಡಲೆಕಾಳಿನಷ್ಟು ಮೂರು ನಾಲ್ಕು ಹನಿ ಪಾಲಿಶ್ ಹಾಕಿ. ಒಂದು ಸಲಕ್ಕೆ ಒಂದು ಪತ್ರಿಕೆಯ ಪುಟದಷ್ಟು ಜಾಗ ಮಾತ್ರ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಒಂದು ಸಾಲಿನ ಅರ್ಧಭಾಗದ ಮೇಲೆ ಮುಂದಿನ ಸಾಲು ಬರುವ ಹಾಗೆ ಉಜ್ಜಿ. ಪಾಲಿಶ್ ತೆಳ್ಳಗಾಗಿ ಮಬ್ಬು ಪೊರೆಯಷ್ಟೇ ಉಳಿದಾಗ ನಿಲ್ಲಿಸಿ, ಒಣ ಮೈಕ್ರೋಫೈಬರಿನಲ್ಲಿ ಒರೆಸಿ. ಮೊಬೈಲಿನ ಟಾರ್ಚ್ ಹಾಕಿ ಪಕ್ಕದ ಜಾಗದ ಜೊತೆ ಹೋಲಿಸಿ ನೋಡಿ. ಸಣ್ಣ ಗೀರು ಮುಕ್ಕಾಲು ಪಾಲು ಮಾಯವಾಗಿದ್ದರೆ ಅಷ್ಟಕ್ಕೇ ತೃಪ್ತಿಪಡಿ. ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಆ ಜಾಗದಲ್ಲಿ ಕ್ಲಿಯರ್ ಕೋಟ್ ಇಲ್ಲ, ಅಲ್ಲಿಗೇ ಬಿಡಿ.

ಕೈಯಲ್ಲಿ ಇಡೀ ಕಾರು ಮಾಡುವುದು ತೋಳಿಗೆ ಕಷ್ಟವೇ. ನಾನು ಒಂದು ಭಾನುವಾರ ಬಾನೆಟ್ ಮತ್ತು ಟಾಪ್, ಮುಂದಿನ ಭಾನುವಾರ ಬಾಗಿಲು ಅಂತ ಹಂಚಿಕೊಳ್ಳುತ್ತೇನೆ. ಮೆಷಿನ್ ಬೇಕೇ ಬೇಕು ಅನ್ನುವವರು ಡ್ಯುಯಲ್ ಆ್ಯಕ್ಷನ್ ಮಾದರಿ, ಅಂದರೆ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಓಲಾಡುವಂಥದ್ದು, ತಗೊಳ್ಳಿ. ಗರಗರ ಒಂದೇ ಸಮ ತಿರುಗುವ ರೋಟರಿ ಮೆಷಿನ್ ಹೊಸಬರ ಕೈಗೆ ಸಿಕ್ಕರೆ ಕ್ಷಣದಲ್ಲಿ ಬಣ್ಣ ಸುಟ್ಟುಬಿಡುತ್ತದೆ. ಪಾಲಿಶ್ ವರ್ಷಕ್ಕೊಂದು ಸಲ ಸಾಕು, ಬೇಕಿಲ್ಲದಿದ್ದರೆ ಅದೂ ಬೇಡ.

ಪಾಲಿಶ್ ಆದ ಮೇಲೆ ವ್ಯಾಕ್ಸ್ ಹಚ್ಚಲೇಬೇಕು. ಎಷ್ಟು ತೆಳುವಾಗಿ ಹಚ್ಚಿದರೂ ಅದು ಜಾಸ್ತಿಯೇ. ಸ್ವಲ್ಪ ಹೊತ್ತು ಬಿಟ್ಟು ಬೆರಳಲ್ಲಿ ಒಂದು ಗೀಟು ಎಳೆದು ನೋಡಿ. ಗೀಟು ಸ್ವಚ್ಛವಾಗಿ ಬಂದರೆ ಒಣಗಿದೆ, ಒರೆಸಬಹುದು. ಬಳಿದ ಹಾಗಾದರೆ ಇನ್ನೂ ಕಾಯಿರಿ. ಕಾರ್ನೌಬಾ ವ್ಯಾಕ್ಸ್ ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಹೊಳಪು ಚೆನ್ನ, ನಮ್ಮ ಬಿಸಿಲಿಗೆ ಒಂದೆರಡು ತಿಂಗಳು ಬಾಳಿಕೆ. ವ್ಯಾಕ್ಸಿನ ಬದಲು ಹಚ್ಚುವ ಕೃತಕ ಲೇಪ, ಸಿಂಥೆಟಿಕ್ ಸೀಲೆಂಟ್, ಅದಕ್ಕಿಂತ ಜಾಸ್ತಿ ದಿನ ಬರುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ ಭಾಗಕ್ಕೆ ಮಾತ್ರ ಒಂದೆರಡು ತಿಂಗಳು ವ್ಯಾಕ್ಸ್ ಬೇಡ, ಬಣ್ಣ ಒಳಗಿಂದ ಒಣಗಬೇಕು. ವ್ಯಾಕ್ಸ್ ಇದೆಯೋ ಹೋಯಿತೋ ತಿಳಿಯಲು ಒಂದು ಮಗ್ ನೀರು ಸುರಿಯಿರಿ. ಕೆಸುವಿನ ಎಲೆ ಮೇಲೆ ಉರುಳುವ ಹಾಗೆ ಗುಂಡಗೆ ನಿಂತರೆ ಇದೆ. ಹಾಳೆಯ ಹಾಗೆ ಹರಡಿದರೆ ಮತ್ತೆ ಹಚ್ಚುವ ಕಾಲ ಬಂತು.

ಕವರ್ ಹಾಕುವವರು ಒಂದು ನೆನಪಿಡಿ. ಧೂಳಿರುವ ಕಾರಿಗೆ ಕವರ್ ಹಾಕಿದರೆ ಗಾಳಿಗೆ ಅದು ಅಲುಗಾಡಿ ಇಡೀ ರಾತ್ರಿ ಉಜ್ಜುತ್ತದೆ. ಒದ್ದೆ ಕಾರಿಗೆ ಹಾಕಿದರೆ ಒಳಗೆ ಬೆವರುತ್ತದೆ. ನೆರಳಿದ್ದರೆ ಕವರೇ ಬೇಡ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಒಬ್ಬರು ಬರುತ್ತಾರೆ, ಒಂದೇ ಬಕೆಟ್, ಒಂದೇ ಬಟ್ಟೆ, ಇಪ್ಪತ್ತು ಕಾರು. ಅವರ ತಪ್ಪಲ್ಲ, ಎಲ್ಲರಿಗೂ ದಿನಾ ಒರೆಸಿಯೇ ಇರಬೇಕು. ನಾನು ಹೇಳಿದೆ: "ಅಣ್ಣ, ದುಡ್ಡು ಅಷ್ಟೇ ಕೊಡ್ತೀನಿ, ವಾರಕ್ಕೆ ಒಂದೇ ಸಲ ಬನ್ನಿ. ನೀರು ಹಾಕಿ, ಈ ಎರಡು ಬಟ್ಟೆಯಲ್ಲೇ ಒರೆಸಿ. ಉಳಿದ ದಿನ ಧೂಳಿದ್ರೆ ಇರ್ಲಿ."

ಅವರು ಬಟ್ಟೆ ತಿರುಗಿಸಿ ನೋಡಿದರು. "ಇದು ನಮ್ಮನೆ ಟವೆಲ್‌ಗಿಂತ ಚೆನ್ನಾಗಿದೆ ಸಾರ್," ಅಂದರು. ಮುಂದಿನ ವಾರ ಒಂದೇ ಬಟ್ಟೆ ಇತ್ತು.