ಮೈಕ್‌ಗೆ ಸುರಿದ ಹಣ ದಂಡವಾಗಲಿಲ್ಲ

ಕಿರುಚಿತ್ರವನ್ನು ಮೊಬೈಲಿನಲ್ಲೇ ಚಿತ್ರೀಕರಿಸುತ್ತೇನೆ, ಇರುವ ಹಣವನ್ನು ಧ್ವನಿಗೆ ಹಾಕುತ್ತೇನೆ ಎಂದಾಗ ನಮ್ಮ ಸಿನಿಮಾ ಕ್ಲಬ್ಬಿನಲ್ಲಿ ನಕ್ಕವರೇ ಹೆಚ್ಚು. ‘ರೇಡಿಯೊ ನಾಟಕ ಮಾಡುತ್ತೀಯೇನಪ್ಪಾ?’ ಎಂದರು ಹಿರಿಯ ಸದಸ್ಯರೊಬ್ಬರು. ಪ್ರದರ್ಶನದ ದಿನ ಆರು ನಿಮಿಷ ಚಿಲ್ಲರೆಯ ಆ ಚಿತ್ರ ಮುಗಿದಾಗ ಇನ್ನೊಮ್ಮೆ ಹಾಕಿ ಎಂದವರೂ ಅವರೇ. ಆ ಖುಷಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೆ ಮುಂಚಿನ ನನ್ನ ಮೂರೂ ಚಿತ್ರಗಳು ನೆಲಕಚ್ಚಿದ್ದವು. ಎರಡನೆಯದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಣದ ಮುಕ್ಕಾಲು ಪಾಲು ಕ್ಯಾಮೆರಾ, ಲೆನ್ಸುಗಳ ಬಾಡಿಗೆಗೆ ಹೋಯಿತು. ಮಿಕ್ಕದ್ದು ಊಟ, ಓಡಾಟಕ್ಕೆ. ಮೈಕ್ ಕ್ಯಾಮೆರಾದಲ್ಲೇ ಇದೆಯಲ್ಲ ಎಂದುಕೊಂಡೆ. ಸಂಕಲನಕ್ಕೆ ಕುಳಿತರೆ ನಾಯಕಿ ಪಿಸುಗುಟ್ಟುವಲ್ಲೆಲ್ಲ ಹಿಂದಿನಿಂದ ಫ್ರಿಜ್ಜಿನ ಗೊರಕೆ! ಸಾಲದ್ದಕ್ಕೆ ಶಾಟ್ ಬದಲಾದಾಗಲೆಲ್ಲ ಗೊರಕೆಯ ಶ್ರುತಿಯೂ ಬದಲಾಗುತ್ತಿತ್ತು. ಅದನ್ನು ಮುಚ್ಚಲು ಉದ್ದಕ್ಕೂ ಸಂಗೀತ ಬಳಿದೆ. ನೋಡಿದವರು ‘ಛಾಯಾಗ್ರಹಣ ಚೆನ್ನಾಗಿದೆ’ ಎಂದರು. ಹೊಗಳಲು ಬೇರೇನೂ ಸಿಗಲಿಲ್ಲ ಎಂಬುದೇ ಕ್ಲಬ್ಬಿನಲ್ಲಿ ಆ ಮಾತಿನ ಅರ್ಥ.

ಈ ಸಲ ಒಂದೇ ಕೋಣೆ, ಇಬ್ಬರು ಕಲಾವಿದರು, ಎರಡು ದಿನ. ಅರ್ಧಕ್ಕಿಂತ ಹೆಚ್ಚು ಹಣ ಬೂಮ್ ಮೈಕ್ (ಉದ್ದ ಕೋಲಿನ ತುದಿಗೆ ಕಟ್ಟುವ ಮೈಕ್), ರೆಕಾರ್ಡರ್ ಮತ್ತು ಕೈ ನಡುಗದೆ ಕೋಲು ಹಿಡಿಯುವ ಒಬ್ಬ ಹುಡುಗನಿಗೆ. ಮೈಕ್ ಫ್ರೇಮಿನ ಅಂಚಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಇರಬೇಕೆಂದು ಪಟ್ಟು ಹಿಡಿದೆ. ಎರಡು ಟೇಕ್‌ಗಳಲ್ಲಿ ಅದು ಒಳಗೆ ಇಣುಕಿ ಹಾಳಾದವು, ಆಗಲಿ ಎಂದೆ. ಫ್ರಿಜ್ ಆರಿಸಿ ನನ್ನ ಗಾಡಿಯ ಕೀಲಿಯನ್ನು ಅದರೊಳಗೇ ಇಟ್ಟೆ. ಮತ್ತೆ ಚಾಲೂ ಮಾಡುವುದನ್ನು ಮರೆತು ಮನೆಗೆ ಹೊರಡುವ ಹಾಗೇ ಇಲ್ಲ. ಕೊನೆಗೆ ಎಲ್ಲರನ್ನೂ ಕಲ್ಲಿನಂತೆ ನಿಲ್ಲಿಸಿ ಅರ್ಧ ನಿಮಿಷ ಖಾಲಿ ಕೋಣೆಯ ಸದ್ದನ್ನು ಹಿಡಿದೆವು, ಸಂಕಲನದಲ್ಲಿ ಮಾತಿನ ನಡುವಿನ ತೆರಪು ತುಂಬಲು. ಮೂರು ಸಲ ಯಾರೋ ಸೀನಿದರು.

ಮೊಬೈಲ್ ಕೈಕೊಡದೆ ಇರಲಿಲ್ಲ. ಚಿತ್ರವನ್ನೂ ರೆಕಾರ್ಡರಿನ ಧ್ವನಿಯನ್ನೂ ಹೊಂದಿಸಲು ಹೊಡೆಯುವ ಕ್ಲಾಪ್ ಶುರುವಿನಲ್ಲಿ ಕರಾರುವಾಕ್ಕಾಗಿ ಕೂಡುತ್ತಿತ್ತು, ಮೂರು ನಿಮಿಷದ ಟೇಕ್ ಮುಗಿಯುವಷ್ಟರಲ್ಲಿ ತುಟಿಯೊಂದು ಕಡೆ, ಮಾತೊಂದು ಕಡೆ. ಮೊಬೈಲಿನ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಹಿಡಿಯುವ ಚಿತ್ರಗಳ ಸಂಖ್ಯೆ, ತನ್ನಷ್ಟಕ್ಕೆ ಏರಿಳಿಯುತ್ತಿದ್ದುದೇ ಕಾರಣ. ಎಲ್ಲ ಫೈಲುಗಳನ್ನೂ ಸ್ಥಿರ ಫ್ರೇಮ್ ರೇಟ್‌ಗೆ ಪರಿವರ್ತಿಸುವುದರಲ್ಲಿ ಒಂದು ರಾತ್ರಿ ಹೋಯಿತು.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಮೊದಲ ಸಂಕಲನವನ್ನು ಸದ್ದು ಅಡಗಿಸಿ ನೋಡಿದೆ. ಮಾತಿಲ್ಲದೆಯೇ ಕಥೆ ತಿಳಿಯುವ ಕಡೆಯೆಲ್ಲ ಸಂಭಾಷಣೆಗೆ ಕತ್ತರಿ. ನಲವತ್ತು ಸಾಲುಗಳಲ್ಲಿ ಉಳಿದದ್ದು ಹನ್ನೊಂದೋ ಹನ್ನೆರಡೋ. ಅಷ್ಟು ಖರ್ಚು ಮಾಡಿ ಹಿಡಿದ ಮಾತನ್ನೇ ಎಸೆದೆಯಲ್ಲ ಎಂದು ಗೆಳೆಯರು ಬೈದರು. ಆದರೆ ಮಾತು ಹೋದ ಜಾಗದಲ್ಲಿ ಉಸಿರು, ಬಟ್ಟೆಯ ಸರಸರ, ಕುರ್ಚಿ ಎಳೆದ ಸದ್ದು ಕೇಳತೊಡಗಿದವು. ಇವು ಸಿಕ್ಕಿದ್ದೂ ಅದೇ ಮೈಕ್‌ನಿಂದ.

ಆಮೇಲೆ ಸಿನಿಮಾದ ಗಂಧಗಾಳಿಯಿಲ್ಲದ ಪಕ್ಕದ ಮನೆಯವರನ್ನು ಕೂರಿಸಿ ಚಿತ್ರ ತೋರಿಸಿದೆ. ನಾನು ನೋಡಿದ್ದು ಪರದೆಯನ್ನಲ್ಲ, ಅವರ ಮುಖವನ್ನು. ಮೂರು ಕಡೆ ಕಣ್ಣು ಕಿಟಕಿಗೆ ಹೋಯಿತು, ಮೂರನ್ನೂ ಕಿತ್ತೆ. ಅದರಲ್ಲೊಂದು ಗಾಲಿ ಕುರ್ಚಿಯ ಮೇಲೆ ಕುಳಿತು ಇಡೀ ಮಧ್ಯಾಹ್ನ ತೆಗೆದ ಶಾಟ್. ಹನ್ನೊಂದು ನಿಮಿಷದ ಚಿತ್ರ ಆರಕ್ಕೆ ಇಳಿದದ್ದು ಹೀಗೆ.

ಕೊನೆಯಲ್ಲಿ ಬಾಗಿಲು ಮುಚ್ಚುವ ಸದ್ದಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಬಾಗಿಲಿನದಲ್ಲ, ಅಷ್ಟು ಮಾತ್ರ ಹೇಳುತ್ತೇನೆ. ಇನ್ನೊಂದು ಚಿತ್ರಕ್ಕೆ ಬೇಕಾಗುತ್ತದೆ. ಅಂದಹಾಗೆ, ರೇಡಿಯೊ ನಾಟಕದ ಆ ಹಿರಿಯರು ಮೊನ್ನೆ ಕೋಲು ಹಿಡಿಯುವ ಹುಡುಗನ ನಂಬರ್ ಕೇಳಿದರು. ಅವನಿಗೆ ಸದ್ಯಕ್ಕೆ ಬಿಡುವಿಲ್ಲ ಎಂದಿದ್ದೇನೆ.