ಕೋರ್ಫುವಿನಿಂದ ಸರಾಂಡಕ್ಕೆ: ಫೆರಿ ಹತ್ತಿ ಅಗ್ಗದ ಕಡಲತೀರಕ್ಕೆ ಹೋಗುವ ಬಗೆ

ಗ್ರೀಸಿನ ಕೋರ್ಫು ದ್ವೀಪದ ಈಶಾನ್ಯ ತೀರದಿಂದ ನೋಡಿದರೆ ಕಿರಿದಾದ ಕಡಲಿನಾಚೆ ಅಲ್ಬೇನಿಯಾದ ಬೆಟ್ಟಗಳು ಕಾಣಿಸುತ್ತವೆ. ಎರಡೂ ದಡಗಳಿಗೆ ಇರುವುದು ಒಂದೇ ಅಯೋನಿಯನ್ ಸಮುದ್ರ. ಆದರೆ ವಸತಿ, ಊಟ, ಬಸ್ಸಿನ ಖರ್ಚು ಸಾಮಾನ್ಯವಾಗಿ ಆಚೆಯ ಸರಾಂಡ ಪಟ್ಟಣದಲ್ಲಿ ಕಡಿಮೆ. ಒಂದೇ ದಿನದಲ್ಲಿ ಹೋಗಿ ಬಂದರೆ ಉಳಿದ ಹಣವನ್ನು ಫೆರಿಯ ದರವೇ ನುಂಗುವುದರಿಂದ, ಮೂರು ನಾಲ್ಕು ರಾತ್ರಿಯಾದರೂ ತಂಗುವ ಯೋಜನೆ ಇದ್ದರೆ ಮಾತ್ರ ಹೊರಡುವುದು ಲೇಸು.

ಭಾರತೀಯ ಪಾಸ್‌ಪೋರ್ಟ್ ಉಳ್ಳವರು ಟಿಕೆಟ್ಟಿಗಿಂತ ಮೊದಲು ವೀಸಾ ನೋಡಿಕೊಳ್ಳಬೇಕು. ಅಲ್ಬೇನಿಯಾ ಷೆಂಗೆನ್ ವಲಯದಲ್ಲಿ (ಗ್ರೀಸ್ ಸೇರಿದಂತೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಇಲ್ಲವಾದರೂ, ಚಾಲ್ತಿಯಲ್ಲಿರುವ ಬಹುಪ್ರವೇಶದ ಷೆಂಗೆನ್ ವೀಸಾವನ್ನು ಈಗಾಗಲೇ ಒಮ್ಮೆ ಬಳಸಿರುವವರಿಗೆ ಪ್ರತ್ಯೇಕ ವೀಸಾ ಕೇಳದೆ ಪ್ರವೇಶ ನೀಡುತ್ತ ಬಂದಿದೆ. ಅಪಾಯವಿರುವುದು ಏಕಪ್ರವೇಶದ ವೀಸಾದಲ್ಲಿ: ಗ್ರೀಸಿನ ಗಡಿ ದಾಟಿದೊಡನೆ ಅದರ ಆಯುಸ್ಸು ಮುಗಿಯುತ್ತದೆ, ಮರಳಿ ಕೋರ್ಫುವಿಗೆ ಕಾಲಿಡಲು ಬಿಡುವುದಿಲ್ಲ, ಅಲ್ಲಿಂದ ಕಾದಿರಿಸಿದ ವಿಮಾನವೂ ವ್ಯರ್ಥವಾಗುತ್ತದೆ. ನಿಯಮಗಳು ಬದಲಾಗುವುದುಂಟು, ಆದ್ದರಿಂದ ಹೊರಡುವ ಮುನ್ನ ಅಲ್ಬೇನಿಯಾದ ವಿದೇಶಾಂಗ ಸಚಿವಾಲಯದ ಜಾಲತಾಣವನ್ನು ನೋಡಬೇಕು.

ನೀರಿನ ಮೇಲಕ್ಕೆದ್ದು ಓಡುವ ವೇಗದ ದೋಣಿ ಹೈಡ್ರೋಫಾಯಿಲ್ ಸುಮಾರು ಅರ್ಧ ಗಂಟೆಯಲ್ಲಿ ತಲುಪಿಸುತ್ತದೆ. ಸಾಧಾರಣ ಫೆರಿಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು ಮತ್ತು ಮುಖಚಿತ್ರ ದಾಖಲಿಸುವ ವ್ಯವಸ್ಥೆ 2025ರ ಅಕ್ಟೋಬರ್‌ನಿಂದ ಆರಂಭವಾಗಿರುವುದರಿಂದ, ಬಂದರಿನಲ್ಲಿ ಒಂದು ಗಂಟೆ ಮುಂಚಿತವಾಗಿಯೇ ಇರಬೇಕು.

ಅಲ್ಬೇನಿಯಾದ ಗಡಿಯಾರ ಗ್ರೀಸಿಗಿಂತ ಒಂದು ಗಂಟೆ ಹಿಂದಿದೆ. ಕೋರ್ಫುವಿನಲ್ಲಿ 9 ಗಂಟೆಗೆ ಹೊರಟ ಹೈಡ್ರೋಫಾಯಿಲ್ ಸರಾಂಡ ಸೇರುವಾಗ ಅಲ್ಲಿ 8.30 ಆಗಿರುತ್ತದೆ ಎಂಬುದು ತಮಾಷೆಯೆನಿಸಿದರೂ, ತೀರದಲ್ಲಿ ಮೊಬೈಲು ಎದುರು ದಡದ ಟವರನ್ನು ಹಿಡಿದು ತಪ್ಪು ಸಮಯ ತೋರಿಸಬಹುದು. ಯುರೋಪಿಯನ್ ಒಕ್ಕೂಟದ ಸಿಮ್ಮಿಗೆ ದುಬಾರಿ ರೋಮಿಂಗ್ ಶುಲ್ಕ ಬೀಳುವ ಸಾಧ್ಯತೆಯೂ ಇರುವುದರಿಂದ ರೋಮಿಂಗನ್ನೂ, ತಾನಾಗಿ ಸಮಯ ಬದಲಿಸುವ ಸೌಲಭ್ಯವನ್ನೂ ನಿಲ್ಲಿಸಿಡಬೇಕು.

ನಾಣ್ಯ ಲೆಕ್. ಹಲವೆಡೆ ಯುರೋ ನಡೆಯುತ್ತದೆಯಾದರೂ ಲೆಕ್ಕ ಸಾಮಾನ್ಯವಾಗಿ ಅಂಗಡಿಯವರ ಪರವಾಗಿಯೇ ಇರುತ್ತದೆ. 1965ರಲ್ಲಿ ಹತ್ತು ಹಳೆಯ ಲೆಕ್ ಒಂದು ಹೊಸ ಲೆಕ್ ಆಯಿತು. ಆದರೂ ಜನ ಇಂದಿಗೂ ಮಾತಿನಲ್ಲಿ ಹಳೆಯ ಲೆಕ್ಕ ಹೇಳುವುದುಂಟು. ಬೆಲೆ ಹತ್ತು ಪಟ್ಟು ಕೇಳಿಸಿದರೆ ಜಗಳಕ್ಕಿಳಿಯದೆ ಬರೆದು ತೋರಿಸಲು ಕೇಳಿ.

ಸರಾಂಡದ ತೀರ ಬಹುಪಾಲು ಬೆಣಚುಕಲ್ಲಿನದು. ಬಿಳಿ ತೀರ, ನಾಲ್ಕು ಪುಟ್ಟ ದ್ವೀಪಗಳಿರುವುದು ದಕ್ಷಿಣದ ಕ್ಸಮಿಲ್‌ನಲ್ಲಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಒರಗುಕುರ್ಚಿಯ ಬಾಡಿಗೆಯೇ ಉಳಿತಾಯವನ್ನು ಅಳಿಸಿಹಾಕುವುದರಿಂದ, ಜೂನ್ ಅಥವಾ ಸೆಪ್ಟೆಂಬರಿನಲ್ಲಿ ಹೋಗಿ, ಸರಾಂಡದಲ್ಲಿ ತಂಗಿ, ಬಸ್ಸಿನಲ್ಲಿ ಓಡಾಡುವುದು ಜಾಣತನ. ಅದೇ ಬಸ್ಸು ಮುಂದೆ, 1992ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪ್ರಾಚೀನ ನಗರ ಬುಟ್ರಿಂಟ್‌ಗೂ ಹೋಗುತ್ತದೆ.

ಗಾಳಿ ಜೋರಾದರೆ ಹೈಡ್ರೋಫಾಯಿಲ್ ಹೊರಡುವುದಿಲ್ಲ. ಹಾಗಾಗಿ ಕೋರ್ಫುವಿನಿಂದ ವಿಮಾನವಿರುವವರು ಅದರ ಹಿಂದಿನ ದಿನವೇ ಮರಳಿ ಬಂದಿರಬೇಕು.